ಆರು ಸೆಕೆಂಡಿನಲ್ಲಿ ಗುಡ್ಡ ಹತ್ತಿದ ಜಿಪ್ಸಿ: 'ಸಾಮರ್ಥ್ಯ' ಪಾಠದ ಒಂದು ಅನುಭವ

ತರಗತಿ: ಒಂಬತ್ತು. ವಿಷಯ: ವಿಜ್ಞಾನ. ಘಟಕ: ಕೆಲಸ ಮತ್ತು ಶಕ್ತಿ. ಉಪಘಟಕ: ಸಾಮರ್ಥ್ಯ. ಅವಧಿ: 40 ನಿಮಿಷದ ಒಂದು ಪಾಠ, ಅದು ಸೋತ ಮೇಲೆ ಇನ್ನೆರಡು.

ಇಂಟರ್ನ್‌ಶಿಪ್‌ಗಾಗಿ ನನ್ನನ್ನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹಾಕಿದ್ದರು. ಸುತ್ತ ಕಾಫಿ ತೋಟ. ತೋಟದ ದಾರಿಗಳಲ್ಲಿ ಹಳೆಯ ಜೀಪು, ಜಿಪ್ಸಿ ಬಿಟ್ಟರೆ ಬೇರೆ ವಾಹನ ಓಡುವುದು ಕಡಿಮೆ. ನಾನು ಅಲ್ಲಿಗೆ ಹೋದ ತಿಂಗಳಲ್ಲಿ ಮಕ್ಕಳ ಬಾಯಲ್ಲಿ ಒಂದೇ ಸುದ್ದಿ: ಊರಿನ ಗ್ಯಾರೇಜಿನಲ್ಲಿ ಹಳೆಯ ಜಿಪ್ಸಿಯೊಂದಕ್ಕೆ ಬಲೆನೊ ಕಾರಿನ ಎಂಜಿನ್ ಕೂರಿಸುತ್ತಿದ್ದಾರೆ. (ಈಗ ರಸ್ತೆಯಲ್ಲಿ ಕಾಣುವ ಚಿಕ್ಕ ಬಲೆನೊ ಅಲ್ಲ; 1999ರಲ್ಲಿ ಬಂದ, ಹಿಂದೆ ಡಿಕ್ಕಿ ಇದ್ದ ಉದ್ದನೆಯ ಕಾರು.) 'ತೊಡಗಿಸಿಕೊಳ್ಳುವಿಕೆ' ಹಂತಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳೀಯ ಉದಾಹರಣೆ ಸಿಗದು ಎಂದು ನಾನು ಪಾಠ ಯೋಜನೆಯಲ್ಲಿ ಬರೆದುಕೊಂಡೆ. ಉದಾಹರಣೆ ಒಳ್ಳೆಯದೇ ಇತ್ತು. ಅದನ್ನು ನಾನು ಬಳಸಿದ ರೀತಿ ಒಳ್ಳೆಯದಿರಲಿಲ್ಲ.

ಕಪ್ಪುಹಲಗೆಯ ಮೇಲೆ ಹಾಕಿದ ಲೆಕ್ಕ ಹೀಗಿತ್ತು. ಜನ, ಸಾಮಾನು ಸೇರಿ ಜಿಪ್ಸಿಯ ದ್ರವ್ಯರಾಶಿ 1200 ಕಿಲೊಗ್ರಾಂ. ಶಾಲೆಯ ಹಿಂದಿನ ತೋಟದ ಚಡಾವು 120 ಮೀಟರ್ ಉದ್ದ, ಏರಿಕೆ 30 ಮೀಟರ್. ಗುರುತ್ವ ವೇಗೋತ್ಕರ್ಷ 10 ಎಂದುಕೊಂಡರೆ ಗುರುತ್ವದ ವಿರುದ್ಧ ಆಗುವ ಕೆಲಸ 1200 × 10 × 30, ಅಂದರೆ 3,60,000 ಜೂಲ್. ಹಳೆಯ ಎಂಜಿನ್ 80 ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ 746 ವಾಟ್, ಆದ್ದರಿಂದ 59,680 ವಾಟ್. ಭಾಗಿಸಿದರೆ ಕಾಲ ಸುಮಾರು 6 ಸೆಕೆಂಡ್. ಹೊಸ ಎಂಜಿನ್ 94 ಅಶ್ವಶಕ್ತಿ, 70,124 ವಾಟ್. ಕಾಲ ಸುಮಾರು 5.1 ಸೆಕೆಂಡ್. 'ನೋಡಿ ಮಕ್ಕಳೇ, ಸಾಮರ್ಥ್ಯ ಹೆಚ್ಚಾದಂತೆ ಅದೇ ಕೆಲಸಕ್ಕೆ ಬೇಕಾದ ಕಾಲ ಕಡಿಮೆ' ಎಂದು ಹೇಳಿ ಸುಣ್ಣದ ಕೈ ಒರೆಸಿಕೊಂಡೆ.

ಹಿಂದಿನ ಬೆಂಚಿನಿಂದ ನಗು ಬಂತು. ಗ್ಯಾರೇಜಿನವರ ಬಾಮೈದ, ಸಂಜೆ ಹೊತ್ತು ಅಲ್ಲೇ ಕೆಲಸ ಮಾಡುವ ಹುಡುಗ. 'ಸರ್, ಆ ಚಡಾವು ಹತ್ತಕ್ಕೆ ಒಂದು ನಿಮಿಷನಾದ್ರೂ ಬೇಕು. ಆರು ಸೆಕೆಂಡಲ್ಲಿ ಹತ್ತಿದ್ರೆ ಮೇಲಿಂದ ಹಾರಿಹೋಗ್ತದೆ.' ತರಗತಿ ಪೂರ್ತಿ ನಕ್ಕಿತು. ಘರ್ಷಣೆ ಇತ್ಯಾದಿ ಬಿಟ್ಟು ಲೆಕ್ಕ ಮಾಡಿದ್ದೇವೆ ಎಂದು ನಾನು ತೇಲಿಸಿದೆ. ಅವನು ಕೂರಲಿಲ್ಲ. 'ಇನ್ನೊಂದು ಸರ್. ನಮ್ಮೂರ ಟ್ರ್ಯಾಕ್ಟರ್ 35 ಎಚ್‌ಪಿ, ಜಿಪ್ಸಿ 80 ಎಚ್‌ಪಿ. ಆದ್ರೂ ಕೆಸರಲ್ಲಿ ಸಿಕ್ಕಿಕೊಂಡ ಜಿಪ್ಸೀನ ಟ್ರ್ಯಾಕ್ಟರೇ ಎಳೆಯೋದು. ಹೆಂಗೆ?'

ನನಗೆ ಉತ್ತರ ಗೊತ್ತಿರಲಿಲ್ಲ. ಭೌತಶಾಸ್ತ್ರದಲ್ಲಿ ಪದವಿ ಮಾಡಿದವನು ನಾನು. 'ಟ್ರ್ಯಾಕ್ಟರ್ ಭಾರ ಜಾಸ್ತಿ, ಅದು ಬೇರೆ ವಿಷಯ, ಇವತ್ತಿನ ಪಾಠದಲ್ಲಿ ಇಲ್ಲ, ಕೂತ್ಕೋ' ಎಂದೆ. ಅವನು ಕೂತ. ಮುಂದಿನ ಎರಡು ದಿನ ಶಾಲೆಗೆ ಬರಲಿಲ್ಲ. ನನ್ನ ಮಾತಿನಿಂದಲೇ ಎಂದು ಹೇಳಲಾರೆ. ಅವನ ಹಾಜರಿ ಮೊದಲಿನಿಂದಲೂ ಹಾಗೇ ಇತ್ತು ಎಂದು ತರಗತಿ ಶಿಕ್ಷಕರು ಹೇಳಿದರು. ಒಂಬತ್ತು ಮುಗಿಸಿ ನಿಲ್ಲಿಸುತ್ತಾನೆ ಎಂಬ ಮಾತೂ ಸಿಬ್ಬಂದಿ ಕೊಠಡಿಯಲ್ಲಿ ಇತ್ತು.

ಅಂದು ಪಾಠ ನೋಡಲು ಬಂದಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ಕಪ್ಪುಹಲಗೆ ಬರಹ, ಧ್ವನಿ, ಬಲವರ್ಧನೆ ಎಲ್ಲಕ್ಕೂ ಒಳ್ಳೆಯ ಅಂಕ ಕೊಟ್ಟಿದ್ದರು. ಕೆಳಗೆ ಒಂದೇ ಸಾಲು: 'ವಿದ್ಯಾರ್ಥಿ ಭೌತಶಾಸ್ತ್ರದ ಪ್ರಶ್ನೆ ಕೇಳಿದ, ಶಿಕ್ಷಕರು ಶಿಸ್ತಿನ ಉತ್ತರ ಕೊಟ್ಟರು.' ಆ ಹಾಳೆ ನನ್ನ ಕಡತದಲ್ಲಿ ಈಗಲೂ ಇದೆ.

ಗ್ಯಾರೇಜಿನಲ್ಲಿ

ಮೂರನೇ ದಿನ ಸಂಜೆ ಗ್ಯಾರೇಜಿಗೆ ಹೋದೆ. ಜಿಪ್ಸಿಯ ಬಾನೆಟ್ ತೆಗೆದು ಗೋಡೆಗೆ ಒರಗಿಸಿದ್ದರು. ಹುಡುಗ ಅಡಿಯಲ್ಲಿ ಮಲಗಿದ್ದ. ನನ್ನ ಧ್ವನಿ ಕೇಳಿಯೂ ಹೊರಬರಲು ಸ್ವಲ್ಪ ಹೊತ್ತು ತೆಗೆದುಕೊಂಡ.

ಅವರು ಮಾಡುತ್ತಿದ್ದ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಜಿಪ್ಸಿ ನಮ್ಮ ದೇಶದಲ್ಲಿ 1985ರಲ್ಲಿ ಬಂದಾಗ ಅದಕ್ಕಿದ್ದದ್ದು 970 ಸಿಸಿಯ ಸಣ್ಣ ಎಂಜಿನ್. 1996ರಲ್ಲಿ 1298 ಸಿಸಿಯದು ಬಂತು. ಮುಂದೆ ಅದೇ ಎಂಜಿನ್ ಕಾರ್ಬುರೇಟರ್ ಬಿಟ್ಟು ಇಂಧನ ಸಿಂಪಡಿಸುವ ವ್ಯವಸ್ಥೆಗೆ ಬದಲಾಗಿ 80 ಅಶ್ವಶಕ್ತಿಯಾಯಿತು. ಬಲೆನೊದ 1590 ಸಿಸಿ ಎಂಜಿನ್ ಅದೇ ಕುಟುಂಬದ ದೊಡ್ಡಣ್ಣ. ಆದ್ದರಿಂದಲೇ ರ‍್ಯಾಲಿ ಓಡಿಸುವವರು, ಕಾಡುದಾರಿಯ ಹುಚ್ಚಿನವರು ಹಳೆಯ ಜಿಪ್ಸಿಗೆ ಇದನ್ನೇ ಹುಡುಕುತ್ತಾರೆ. ಗೇರ್‌ಬಾಕ್ಸ್‌ಗೆ ಜೋಡಿಸುವುದು ತೀರಾ ಪರದಾಟವಲ್ಲ. ಆದರೆ ಬಲೆನೊದಲ್ಲಿ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತಿತ್ತು, ಜಿಪ್ಸಿಯಲ್ಲಿ ಉದ್ದುದ್ದ ಕೂರಬೇಕು. ನೀರಿನ ಕೊಳವೆ, ಹೊಗೆಕೊಳವೆ, ಎಂಜಿನ್ ಕೂರುವ ರಬ್ಬರ್ ಕಾಲುಗಳು, ವೈರಿಂಗ್, ಎಂಜಿನ್ನಿನ ಗಣಕಪೆಟ್ಟಿಗೆ ಎಲ್ಲಕ್ಕೂ ಹೊಸ ಜಾಗ ಹುಡುಕಬೇಕು. 'ಎಂಜಿನ್ ಇಳಿಸೋದು ಒಂದು ದಿನದ ಕೆಲಸ ಮೇಷ್ಟ್ರೇ, ಉಳಿದದ್ದು ಒಂದು ತಿಂಗಳು' ಎಂದರು ಅವನ ಭಾವ.

ರೇಡಿಯೇಟರ್ ಯಾಕೆ ದೊಡ್ಡದು ಹಾಕುತ್ತಿದ್ದೀರಿ ಎಂದು ಕೇಳಿದೆ. ಉತ್ತರ ಹುಡುಗನಿಂದ ಬಂತು: 'ಜಾಸ್ತಿ ಪೆಟ್ರೋಲ್ ಸುಟ್ರೆ ಜಾಸ್ತಿ ಬಿಸಿ. ಚಡಾವಲ್ಲಿ ಗಾಡಿ ನಿಧಾನ, ಗಾಳಿನೂ ಬರಲ್ಲ.' ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಕೆಲಸವಾಗುತ್ತದೆ, ಉಳಿದದ್ದು ಉಷ್ಣವಾಗಿ ಹೋಗುತ್ತದೆ. ಶಕ್ತಿ ಸಂರಕ್ಷಣೆಯ ನಿಯಮಕ್ಕೆ ನಾನು ಯೋಜನೆಯಲ್ಲಿ ಬರೆದುಕೊಂಡಿದ್ದ ಉದಾಹರಣೆ ಮೇಲಿಂದ ಬೀಳುವ ಚೆಂಡು.

ಆ ಸಂಜೆ ಮಾತಿನಲ್ಲಿ ನಾನು ಗಮನಿಸಿದ್ದು ಪದಗಳನ್ನು. ಗ್ಯಾರೇಜಿನಲ್ಲಿ 'ಪವರ್' ಒಂದು, 'ಎಳೆತ' ಇನ್ನೊಂದು, 'ಪಿಕಪ್' ಮತ್ತೊಂದು. 'ಈ ಎಂಜಿನ್ನಿಗೆ ಪವರ್ ಇದೆ, ಆದ್ರೆ ಕೆಳಗೆ ಎಳೆತ ಇಲ್ಲ' ಎಂಬ ವಾಕ್ಯ ಅವರಿಗೆ ತೀರಾ ಸಹಜ. ನಮ್ಮ ಪಠ್ಯದಲ್ಲಿ ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ಆದರೆ ಸಾಮರ್ಥ್ಯದ ಏಕಮಾನಕ್ಕೆ ಕನ್ನಡದಲ್ಲಿ ನಾವು ಇಟ್ಟುಕೊಂಡಿರುವ ಹೆಸರು ಅಶ್ವಶಕ್ತಿ! ಅದೇ ಅವಧಿಯಲ್ಲಿ 'ಶಕ್ತಿಯ ಏಕಮಾನ ಜೂಲ್' ಎಂದು ಬರೆಸಿ, ಹತ್ತು ನಿಮಿಷ ಬಿಟ್ಟು 'ಅಶ್ವಶಕ್ತಿ ಎಂದರೆ 746 ವಾಟ್' ಎಂದು ಬರೆಸಿದ್ದೆ. ಯಾರೂ ಕೇಳಲಿಲ್ಲವೆಂದು ಯಾರಿಗೂ ಗೊಂದಲವಾಗಿಲ್ಲ ಎಂದುಕೊಂಡಿದ್ದೆ.

ಗ್ಯಾರೇಜಿನ ತಿಳಿವಳಿಕೆ ಎಲ್ಲವೂ ಸರಿ ಎಂದೂ ಹೇಳುತ್ತಿಲ್ಲ. ಸಿಸಿ ಹೆಚ್ಚಿದ್ದರೆ ಎಳೆತ ತಾನಾಗಿ ಹೆಚ್ಚು, ಗೇರು ಬರೀ ವೇಗಕ್ಕೆ ಎಂದು ಹುಡುಗ ನಂಬಿದ್ದ. ಆ ಚಡಾವಿಗೆ ಹೊಸ ಎಂಜಿನ್ ಬೇಕೇ ಬೇಕು ಎಂಬುದೂ ಅವನ ನಂಬಿಕೆ. ಅದನ್ನು ಲೆಕ್ಕ ಮಾಡಿ ನೋಡೋಣ, ನಾಳೆ ಬಾ ಎಂದೆ. ಬಂದ.

ಎರಡನೇ ಪಾಠ

ಈ ಸಲ ಹಲಗೆಯ ಮೇಲೆ ಮೊದಲು ಬರೆದದ್ದು ಅವನ 'ಒಂದು ನಿಮಿಷ'ವನ್ನು. 3,60,000 ಜೂಲ್ ಕೆಲಸ, 60 ಸೆಕೆಂಡ್. ಸಾಮರ್ಥ್ಯ 6,000 ವಾಟ್. ಎಷ್ಟು ಅಶ್ವಶಕ್ತಿ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿ ಭಾಗಿಸಿ 'ಎಂಟು' ಎಂದಳು, ನಂಬಿಕೆ ಬಾರದೆ ಮತ್ತೆ ಭಾಗಿಸಿದಳು. ಎಂಟು ಅಶ್ವಶಕ್ತಿ. ಎಂಬತ್ತು ಇರುವ ಎಂಜಿನ್ ಸಾಲದೆಂದು ತೊಂಬತ್ನಾಲ್ಕು ಹಾಕುತ್ತಿದ್ದಾರೆ, ಗುಡ್ಡ ಕೇಳುತ್ತಿರುವುದು ಎಂಟು. ಘರ್ಷಣೆ, ಕೆಸರು ಎಲ್ಲ ಸೇರಿಸಿ ದುಪ್ಪಟ್ಟು ಮಾಡಿದರೂ ಹದಿನಾರು. ತರಗತಿಯಲ್ಲಿ ನಿಜವಾದ ಮೌನ ಎಂದರೇನು ಎಂದು ನನಗೆ ತಿಳಿದದ್ದು ಆಗ. ಮೊದಲ ದಿನದ ನನ್ನ ಲೆಕ್ಕದ ತಪ್ಪು ಅಂಕಗಣಿತದ್ದಲ್ಲ: ಎಂಜಿನ್ ಯಾವಾಗಲೂ ತನ್ನ ಪೂರ್ಣ ಸಾಮರ್ಥ್ಯವನ್ನೇ ಕೊಡುತ್ತಿರುತ್ತದೆ ಎಂದು ನಾನು ಹೇಳದೆಯೇ ಹೇಳಿಬಿಟ್ಟಿದ್ದೆ. 80 ಎಂಬುದು ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗಿನ ಸಂಖ್ಯೆ. ಚಡಾವಿನಲ್ಲಿ ಯಾರೂ ಅಷ್ಟು ತಿರುಗಿಸುವುದಿಲ್ಲ.

ಆಮೇಲೆ ಟ್ರ್ಯಾಕ್ಟರ್. ಸಾಮರ್ಥ್ಯ = ಕೆಲಸ ÷ ಕಾಲ; ಕೆಲಸ = ಬಲ × ಸ್ಥಾನಪಲ್ಲಟ; ಸ್ಥಾನಪಲ್ಲಟ ÷ ಕಾಲ = ವೇಗ. ಹಾಗಾದರೆ ಸಾಮರ್ಥ್ಯ = ಬಲ × ವೇಗ. ಒಂಬತ್ತನೇ ತರಗತಿಯ ಮಗುವಿಗೆ ಇದರಲ್ಲಿ ಹೊಸದೇನೂ ಇಲ್ಲ, ಮೂರೂ ಸೂತ್ರ ಆಗಲೇ ಗೊತ್ತು. 35 ಅಶ್ವಶಕ್ತಿ ಎಂದರೆ ಸುಮಾರು 26,000 ವಾಟ್. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಎಳೆದರೆ ಬಲ 26,000 ನ್ಯೂಟನ್. ಜಿಪ್ಸಿ ತನ್ನ 80ನ್ನೂ ಸುರಿದು ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೊಮೀಟರ್ ಓಡುವಾಗ ಬಲ ಸುಮಾರು 3,000 ನ್ಯೂಟನ್. ಟ್ರ್ಯಾಕ್ಟರ್ ವೇಗವನ್ನು ಬಿಟ್ಟುಕೊಟ್ಟು ಬಲವನ್ನು ತೆಗೆದುಕೊಳ್ಳುತ್ತದೆ, ಆ ವ್ಯಾಪಾರ ನಡೆಯುವುದು ಗೇರುಗಳಲ್ಲಿ. (26,000 ಆದರ್ಶ ಲೆಕ್ಕ, ಅಷ್ಟು ಎಳೆಯುವ ಮೊದಲೇ ಟ್ರ್ಯಾಕ್ಟರಿನ ಚಕ್ರ ಜಾರುತ್ತದೆ. ನಾನು ಮೊದಲ ದಿನ ಹೇಳಿದ 'ಭಾರ ಜಾಸ್ತಿ' ಎಂಬ ಮಾತಿಗೆ ಇಲ್ಲಿ ಅರ್ಧ ಸತ್ಯವಿದೆ: ಭಾರ ಇದ್ದಷ್ಟೂ ನೆಲದ ಹಿಡಿತ ಹೆಚ್ಚು. ಅದನ್ನೂ ಮಕ್ಕಳಿಗೆ ಹೇಳಿದೆ.)

ಟಾರ್ಕ್ ಒಂಬತ್ತರ ಪಠ್ಯದಲ್ಲಿ ಇಲ್ಲ. ಅದನ್ನು ಬಿಟ್ಟು ಗೇರಿನ ಮಾತು ಆಡಲಾಗದು. ವ್ಯಾಖ್ಯೆ ಕೊಡಬೇಕೇ ಎಂದು ಹಿಂದಿನ ರಾತ್ರಿ ಯೋಚಿಸಿದ್ದೆ. ಅಗತ್ಯ ಬೀಳಲಿಲ್ಲ. ಹುಡುಗ ಗ್ಯಾರೇಜಿನಿಂದ ವೀಲ್ ಸ್ಪ್ಯಾನರ್ ಮತ್ತು ಒಂದು ಕಬ್ಬಿಣದ ಪೈಪು ತಂದಿದ್ದ. ಬಿಗಿದ ನಟ್ಟು ಸ್ಪ್ಯಾನರಿಗೆ ಬಿಡದಿದ್ದಾಗ ಹಿಡಿಗೆ ಪೈಪು ತೂರಿಸಿ ಉದ್ದ ಮಾಡುತ್ತಾರೆ. ಅದೇ ಕೈ, ಅದೇ ಬಲ, ನಟ್ಟು ಬಿಡುತ್ತದೆ. 'ಇದೇ ಎಳೆತ' ಎಂದ. ತಿರುಗಿಸುವ ಎಳೆತ, ಬಲ × ದೂರ, ಏಕಮಾನ ನ್ಯೂಟನ್-ಮೀಟರ್ ಎಂದು ಹಲಗೆಯ ಮೇಲೆ ಬರೆದೆ. ಟಾರ್ಕ್ ಎಂಬ ಪದವನ್ನು ಕೊನೆಗೆ ಸೇರಿಸಿದೆ. ಪದ ಮೊದಲು ಬಂದು ಅನುಭವ ಆಮೇಲೆ ಬಂದಿದ್ದರೆ ಏನಾಗುತ್ತಿತ್ತೋ ನೀವೇ ಊಹಿಸಬಹುದು.

ಹಳೆಯ ಎಂಜಿನ್ನಿನ ಗರಿಷ್ಠ ಎಳೆತ 103 ನ್ಯೂಟನ್-ಮೀಟರ್. ಲೋ ರೇಂಜಿನ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 30 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಎಳೆತ ಅಷ್ಟು ಪಟ್ಟು ಹೆಚ್ಚುತ್ತದೆ. 103 × 30, ಅದನ್ನು ಚಕ್ರದ ತ್ರಿಜ್ಯ 0.35 ಮೀಟರಿನಿಂದ ಭಾಗಿಸಿದರೆ ನೆಲಕ್ಕೆ ಸುಮಾರು 8,800 ನ್ಯೂಟನ್. ಚಡಾವು ಕೇಳುವ ಬಲ ಎಷ್ಟು? ನಾಲ್ಕು ಮೀಟರ್ ಹೋದರೆ ಒಂದು ಮೀಟರ್ ಏರಿಕೆ, ಆದ್ದರಿಂದ ಭಾರದ ನಾಲ್ಕನೇ ಒಂದು ಭಾಗ: 3,000 ನ್ಯೂಟನ್. ಹಲ್ಲುಗಳ ಘರ್ಷಣೆಯಲ್ಲಿ ಒಂದಷ್ಟು ಹೋಗಲಿ, ಎಂಜಿನ್ ಕಡಿಮೆ ಸುತ್ತಿನಲ್ಲಿ ಇರಲಿ, ಆದರೂ ಧಾರಾಳ. ಮಳೆಗಾಲದಲ್ಲಿ ನೆಲದ ಹಿಡಿತ ಭಾರದ ಮೂರನೇ ಒಂದು ಭಾಗ ಎಂದುಕೊಂಡರೆ 4,000 ನ್ಯೂಟನ್ ಮೀರಿದ್ದೆಲ್ಲ ಚಕ್ರವನ್ನು ಸುಮ್ಮನೆ ಸುತ್ತಿಸುವುದಕ್ಕೇ ಹೋಗುತ್ತದೆ. ಅಂದರೆ ಜೂನ್ ತಿಂಗಳಲ್ಲಿ ಜಿಪ್ಸಿ ಅಲ್ಲಿ ನಿಲ್ಲುವುದು ಎಂಜಿನ್ ಸೋತು ಅಲ್ಲ, ಟಯರ್ ಸೋತು.

'ಹಂಗಾದ್ರೆ ಭಾವ ದುಡ್ಡು ಹಾಳು ಮಾಡಿದ್ರಾ ಸರ್?'

ಇದು ಆ ದಿನದ ಅತ್ಯುತ್ತಮ ಪ್ರಶ್ನೆ. ಈ ಸಲ ನಾನು ತಡೆದೆ, ಮಕ್ಕಳಿಗೆ ಬಿಟ್ಟೆ. ಮೇಲಿನ ಗೇರಿನಲ್ಲಿ ಎಂಜಿನ್ ಬರೀ ನಾಲ್ಕೋ ಐದೋ ಸುತ್ತಿಗೆ ಚಕ್ರದ ಒಂದು ಸುತ್ತು ಕೊಟ್ಟರೆ ಏನಾಗುತ್ತದೆ ಎಂದು ಒಬ್ಬಳು ಲೆಕ್ಕ ಹಾಕಿದಳು. 103 × 5 ÷ 0.35, ಸುಮಾರು 1,470 ನ್ಯೂಟನ್. ಹೊಸ ಎಂಜಿನ್ನಿನ 130ಕ್ಕೆ ಸುಮಾರು 1,860. ಘಾಟಿ ರಸ್ತೆಯಲ್ಲಿ ಪದೇ ಪದೇ ಗೇರು ಇಳಿಸದೆ ಹೋಗಲು ಇದು ಬೇಕು, ಹಣ ಅದಕ್ಕೆ ಕೊಟ್ಟದ್ದು ಎಂದು ತರಗತಿ ತೀರ್ಮಾನಿಸಿತು. ತೋಟದ ಚಡಾವಿಗೆ ಅಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಒಂದು ಲೆಕ್ಕ; ಇದು ಮಕ್ಕಳಿಗಲ್ಲ, ರೇಡಿಯನ್ ಬೇಕಾಗುತ್ತದೆ. ಬಲೆನೊ ಎಂಜಿನ್ ತನ್ನ 130 ನ್ಯೂಟನ್-ಮೀಟರನ್ನು 3000 ಸುತ್ತಿನಲ್ಲೇ ಕೊಡುತ್ತದೆ. ಅಲ್ಲಿ ಅದರ ಸಾಮರ್ಥ್ಯ 130 × 314, ಸುಮಾರು 55 ಅಶ್ವಶಕ್ತಿ. ಜಿಪ್ಸಿಯ ಹಳೆಯ ಎಂಜಿನ್ 103ನ್ನು ಮುಟ್ಟುವುದು 4500 ಸುತ್ತಿನಲ್ಲಿ. 3000ದಲ್ಲಿ ಅದು ಎಷ್ಟು ಕೊಟ್ಟರೂ 103 ಮೀರಲಾರದು, ಆದ್ದರಿಂದ ಸಾಮರ್ಥ್ಯ 43 ಅಶ್ವಶಕ್ತಿ ದಾಟಲಾರದು. ಪುಸ್ತಿಕೆಯ 80 ಮತ್ತು 94ರ ನಡುವಿನ ಅಂತರ ನೂರಕ್ಕೆ 17.5, ಚಾಲಕನ ಕಾಲು ನಿಜವಾಗಿ ಇರುವ ಜಾಗದಲ್ಲಿ ಅಂತರ ನೂರಕ್ಕೆ 26ಕ್ಕಿಂತ ಕಡಿಮೆ ಇಲ್ಲ. 'ಕೆಳಗೆ ಎಳೆತ ಇಲ್ಲ' ಎಂಬ ಗ್ಯಾರೇಜಿನ ಮಾತಿನ ಅರ್ಥ ಇಷ್ಟೇ.

ನಿಲ್ಲಿಸುವ ವಿಷಯ

ಮೂರನೇ ಪಾಠವನ್ನು ನಾನು ಯೋಜಿಸಿರಲಿಲ್ಲ. ಎಂಟು ಅಶ್ವಶಕ್ತಿ ಲೆಕ್ಕ ಮಾಡಿದ ಹುಡುಗಿ ಕೇಳಿದಳು: 'ಎಂಜಿನ್ ಬದಲಾಯಿಸಿದ್ರು, ಬ್ರೇಕ್ ಬದಲಾಯಿಸಿದ್ರಾ?' ಎಲ್ಲರೂ ಹುಡುಗನ ಕಡೆ ನೋಡಿದರು. ಇಲ್ಲ, ಮುಂದೆ ಡಿಸ್ಕ್, ಹಿಂದೆ ಡ್ರಮ್, ಹಳೆಯದೇ ಎಂದ.

ಚಲನಶಕ್ತಿಯ ಸೂತ್ರ ಆಗಲೇ ಆಗಿತ್ತು. 1200 ಕಿಲೊಗ್ರಾಂ ವಾಹನ ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿದ್ದರೆ ಸುಮಾರು 74,000 ಜೂಲ್. 60ರಲ್ಲಿ ಸುಮಾರು 1,67,000. ವೇಗ ಒಂದೂವರೆ ಪಟ್ಟು, ಬ್ರೇಕ್ ಉಷ್ಣವಾಗಿ ನುಂಗಬೇಕಾದದ್ದು ಎರಡೂಕಾಲು ಪಟ್ಟು. ಎಂಜಿನ್ ಬದಲಾದರೆ ರೇಡಿಯೇಟರ್ ಬದಲಾಗಬೇಕು ಎಂದು ಗ್ಯಾರೇಜಿಗೆ ಗೊತ್ತಿತ್ತು, ಏಕೆಂದರೆ ಬಿಸಿಯಾದ ಎಂಜಿನ್ ಕೂಡಲೇ ನಿಂತು ಹೇಳುತ್ತದೆ. ಬ್ರೇಕ್ ಹಾಗೆ ಮೊದಲೇ ಹೇಳುವುದಿಲ್ಲ. ಹುಡುಗ ಇದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡ, ಮನೆಗೆ ಹೇಳುವುದಕ್ಕೆ.

ಕಾನೂನಿನ ಮಾತನ್ನೂ ಬಿಡಬಾರದು ಎಂದು ನನಗೆ ಅನಿಸಿತು. ಹದಿನಾಲ್ಕು ವರ್ಷದವರ ಮುಂದೆ ಎಂಜಿನ್ ಬದಲಿಸುವುದನ್ನು ಸಾಹಸವಾಗಿ ತೋರಿಸಿ ಸುಮ್ಮನಾಗುವುದು ಸರಿಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣ ತಯಾರಕರು ನಿಗದಿಪಡಿಸಿದ ವಿವರಗಳಿಂದ ವಾಹನ ಬೇರೆಯಾಗುವಂತೆ ಮಾರ್ಪಡಿಸುವುದನ್ನು ತಡೆಯುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಒತ್ತಿ ಹೇಳಿತು. ನೋಂದಣಿ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಾದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಮಕ್ಕಳಿಗೆ ಇದು ಎಷ್ಟು ತಲುಪಿತೋ ತಿಳಿಯದು. ಮಾರನೇ ದಿನ ಗ್ಯಾರೇಜಿನ ಭಾವ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಕಾಗದಪತ್ರ ಆಗುವ ತನಕ ಗಾಡಿ ತೋಟದ ಒಳಗೇ ಓಡುತ್ತದೆ ಎಂದು ತಾವಾಗಿ ವರದಿ ಒಪ್ಪಿಸಿದರು, ಸ್ವಲ್ಪ ಮುನಿಸಿನಿಂದಲೇ.

ಇಂಟರ್ನ್‌ಶಿಪ್ಪಿನ ಕೊನೆಯ ವಾರ ಹುಡುಗ ಸಿಬ್ಬಂದಿ ಕೊಠಡಿಗೆ ಬಂದು, 'ಸರ್, ನಿಮ್ಮ 30 ಸುತ್ತು ತಪ್ಪು' ಎಂದ. ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ, ಮುಂದಿನ ಹಬ್ಬುಗಳನ್ನು ಬಿಡಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಲೋ ರೇಂಜಿನ ಮೊದಲ ಗೇರಿನಲ್ಲಿ ಎಂಜಿನ್ನಿನ ಪುಲ್ಲಿಯನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ ಎಣಿಸಿದ್ದಾನೆ. ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿದ್ದಾನೆ. ಚಕ್ರ ಒಂದು ಸುತ್ತು ಬರಲು ಎಂಜಿನ್ ಹದಿನೈದೂವರೆ ಸುತ್ತು. ಮೂರು ಸಲ ಎಣಿಸಿದೆ ಎಂದ. ಹಾಗಾದರೆ ಹಲಗೆಯ ಮೇಲಿನ 8,800 ಅರ್ಧವಾಗಬೇಕು.

ನನಗೆ ಮತ್ತೆ ಉತ್ತರ ಹೊಳೆಯಲಿಲ್ಲ. ಗೊತ್ತಿಲ್ಲ, ಸಂಜೆ ಬರುತ್ತೇನೆ ಎಂದೆ. ಗ್ಯಾರೇಜಿನಲ್ಲಿ ಅವನು ಇನ್ನೊಮ್ಮೆ ತಿರುಗಿಸಿ ತೋರಿಸಿದ, ಹದಿನೈದೂವರೆಯೇ. ಎತ್ತಿದ ಚಕ್ರ ಸುತ್ತುತ್ತಿತ್ತು, ಆ ಕಡೆಯದು ನೆಲದ ಮೇಲೆ ಅಲ್ಲಾಡದೆ ನಿಂತಿತ್ತು. ಅವನು ಅದನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತ. 'ಡಿಫರೆನ್ಷಿಯಲ್ಲು ಸರ್' ಎಂದ. 'ಒಂದು ಚಕ್ರ ನಿಂತ್ರೆ ಅದರ ಪಾಲಿನ ಸುತ್ತನ್ನೂ ಇನ್ನೊಂದು ಸುತ್ತುತ್ತೆ. ಅದಕ್ಕೇ ಡಬಲ್.' ಎರಡೂ ಚಕ್ರ ಎತ್ತಿ, ಎರಡೂ ಒಟ್ಟಿಗೆ ತಿರುಗುವ ಹಾಗೆ ಹಿಡಿದು ಎಣಿಸಬೇಕು ಎಂದ. ಅವನ ಭಾವ ಇನ್ನೊಂದು ಜಾಕ್ ಹುಡುಕಲು ಒಳಗೆ ಹೋದರು.